ಬಣ್ಣಕ್ಕೆ ಬೆಲೆ ಕಟ್ಟಬೇಡಿರಿ: ಹಳೆಯ ಪಿಕಪ್ ಕೊಳ್ಳುವ ಬಂಧುಗಳಿಗೆ ನಾಲ್ಕು ಮಾತು

ಮುಂಬಯಿಗೆ ಬಂದು ನೆಲಸಿದ ಕನ್ನಡಿಗನ ಬಾಳಿನಲ್ಲಿ ಒಂದು ಘಟ್ಟವುಂಟು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದರಿಂದ ಆರಂಭಿಸಿ, ಮೇಜು ಒರೆಸಿ, ಗಿರಾಕಿಗಳಿಗೆ ತಿಂಡಿ ಬಡಿಸಿ, ಕೊನೆಗೆ ಗಲ್ಲೆಯ ಮೇಲೆ ಕುಳಿತು ಹತ್ತು ಹದಿನೈದು ವರ್ಷ ಕಳೆದ ತರುವಾಯ, ಅಥವಾ ಫೋರ್ಟಿನ ಯಾವುದೋ ಕಚೇರಿಯಲ್ಲಿ ಲೆಕ್ಕಪತ್ರಗಳ ನಡುವೆ ಅಷ್ಟೇ ಕಾಲವನ್ನು ಸವೆಸಿದ ತರುವಾಯ, ‘ಇನ್ನು ನನ್ನದೆಂದು ಹೇಳಿಕೊಳ್ಳಬಹುದಾದ ಒಂದು ಕಸುಬು ಬೇಡವೆ?’ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಏಳುತ್ತದೆ. ಹೋಟೆಲನ್ನೇ ತೆರೆಯೋಣವೆಂದರೆ ಜಾಗದ ಠೇವಣಿಯ ಮಾತು ಕೇಳಿದೊಡನೆ ಧೈರ್ಯ ಉಡುಗಿಹೋಗುತ್ತದೆ. ಆಗ ಅನೇಕರ ಕಣ್ಣು ಒಂದು ಸಣ್ಣ ಸರಕು ವಾಹನದ ಮೇಲೆ ಬೀಳುವುದು ಸಹಜವಾಗಿದೆ.

ವಾಶಿಯ ಸಗಟು ಪೇಟೆಯಿಂದ ತರಕಾರಿ, ಮಾಟುಂಗದಿಂದ ಬಾಳೆಯೆಲೆ, ಊರಿನ ಕಡೆಯಿಂದ ಬಂದಿಳಿದ ತೆಂಗಿನಕಾಯಿ, ಬೆಳಗಿನ ಜಾವ ಹೋಟೆಲುಗಳಿಗೆ ಮುಟ್ಟಿಸಬೇಕಾದ ಇಡ್ಲಿ ದೋಸೆಯ ಹಿಟ್ಟು, ಮದುವೆ ಮುಂಜಿಗಳ ಅಡುಗೆಯ ಪಾತ್ರೆ ಪರಡಿಗಳು: ಇವೆಲ್ಲವನ್ನೂ ಹೊರುವ ವಾಹನವೊಂದು ಕೈಯಲ್ಲಿದ್ದರೆ ಕಾಂದಿವಲಿಯಂಥ ಉಪನಗರದಲ್ಲಿ ಒಂದು ಸಂಸಾರ ನಡೆಯಲಾರದೆ? ನಡೆದೀತು. ಆದರೆ ಹೊಸ ವಾಹನದ ಬೆಲೆ ಸಾಮಾನ್ಯ ನೌಕರನ ಕೈಗೆ ಎಟುಕುವುದಿಲ್ಲವಾದ್ದರಿಂದ ಅವನು ಹಳೆಯದನ್ನು ಹುಡುಕುತ್ತಾನೆ. ಹುಡುಕುವಾಗ ಅವನಿಗೆ ಎದುರಾಗುವ ದೊಡ್ಡ ಅಪಾಯ ಎಂಜಿನಿನದ್ದಲ್ಲ, ಬಣ್ಣದ್ದು. ಈ ಸಂಗತಿಯನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಟೆಂಪೋ ಎಂಬ ಹೆಸರು

ನಮ್ಮವರು ಇಂಥ ಯಾವ ವಾಹನವನ್ನು ಕಂಡರೂ ‘ಟೆಂಪೋ’ ಎಂದೇ ಕರೆಯುತ್ತಾರೆ. ಆ ಹೆಸರು ಈ ದೇಶದಲ್ಲಿ ರೂಢಿಗೆ ಬಂದ ಬಗೆಯೂ ಕಾಂದಿವಲಿಗೆ ದೂರದ್ದಲ್ಲ. ಜರ್ಮನಿಯ ಹ್ಯಾಂಬರ್ಗಿನ ಟೆಂಪೋ ಕಾರ್ಖಾನೆಯ ಸಹಯೋಗದಿಂದ ೧೯೫೮ರಲ್ಲಿ ಸ್ಥಾಪನೆಗೊಂಡ ಬಜಾಜ್ ಟೆಂಪೋ ಕಂಪನಿಯು ತನ್ನ ಮೂರು ಚಕ್ರದ ಸರಕು ಗಾಡಿಗಳನ್ನು ಮೊದಲು ತಯಾರಿಸಿದುದು ಗೋರೆಗಾಂವಿನಲ್ಲಿ, ಅಂದರೆ ಕಾಂದಿವಲಿಯಿಂದ ಎರಡೇ ನಿಲ್ದಾಣಗಳ ಅಂತರದಲ್ಲಿ. ಮುಂದೆ ಆ ಕಾರ್ಖಾನೆ ಪುಣೆಯ ಬಳಿಯ ಅಕುರ್ಡಿಗೆ ಹೋಯಿತು. ೨೦೦೫ರಲ್ಲಿ ಕಂಪನಿಯ ಹೆಸರೂ ಫೋರ್ಸ್ ಮೋಟಾರ್ಸ್ ಎಂದು ಬದಲಾಯಿತು. ಆದರೆ ಜನರ ಬಾಯಲ್ಲಿ ಟೆಂಪೋ ಟೆಂಪೋವಾಗಿಯೇ ಉಳಿಯಿತು. ಇತ್ತ ಕಾಂದಿವಲಿ ಪೂರ್ವದ ಅಕುರ್ಲಿ ರಸ್ತೆಯಲ್ಲಿ ಮಹೀಂದ್ರ ಕಂಪನಿಯ ಟ್ರ್ಯಾಕ್ಟರು ಕಾರ್ಖಾನೆಯಿದೆ. ಅದೇ ಕಂಪನಿಯ ಬೊಲೆರೊ ಪಿಕಪ್ ಇಂದು ಎಲ್ಲ ಪೇಟೆಗಳಲ್ಲಿಯೂ ಕಾಣುತ್ತದೆ. ೨೦೦೫ರಲ್ಲಿ ಟಾಟಾ ಕಂಪನಿ ಹೊರತಂದ ಏಸ್ ಎಂಬ ಪುಟ್ಟ ವಾಹನವು ‘ಛೋಟಾ ಹಾಥಿ’ ಎಂಬ ಅಡ್ಡಹೆಸರು ಗಳಿಸಿ, ಗಲ್ಲಿಗಲ್ಲಿಗಳಲ್ಲಿ ನುಗ್ಗಿ ಸಣ್ಣ ವ್ಯಾಪಾರಿಗಳ ಬಲಗೈಯಾಯಿತು. ಹಳೆಯ ವಾಹನಗಳ ಪೇಟೆಯಲ್ಲಿ ಇಂದು ನಮ್ಮವರ ಎದುರಿಗೆ ಬರುವವು ಹೆಚ್ಚಾಗಿ ಇವೇ ಮತ್ತು ಇವುಗಳ ಸೋದರ ವಾಹನಗಳು.

ಚರ್ಮದ ದೋಷ, ಎಲುಬಿನ ದೋಷ

ಹಳೆಯ ವಾಹನದಲ್ಲಿ ದೋಷಗಳಿರುವುದು ಸ್ವಾಭಾವಿಕ. ದೋಷವಿಲ್ಲದ್ದು ಬೇಕೆನ್ನುವವನು ಹೊಸದನ್ನು ಕೊಳ್ಳಬೇಕು. ಆದರೆ ದೋಷಗಳಲ್ಲಿ ಎರಡು ಜಾತಿಗಳಿವೆ. ತಗ್ಗಿದ ಬಾಗಿಲು, ಗೀಚಿದ ಬಣ್ಣ, ಮಾಸಿದ ದೀಪದ ಗಾಜು, ಹರಿದ ಆಸನ, ತೊಟ್ಟಿಯ ಮೇಲ್ಪದರದ ತುಕ್ಕು ಇವು ಚರ್ಮದ ದೋಷಗಳು. ಬಾಗಿದ ಚಾಸಿ, ಬೆಸುಗೆ ಹಾಕಿದ ಅಡ್ಡಪಟ್ಟಿ, ನೀಲಿ ಹೊಗೆ ಉಗುಳುವ ಎಂಜಿನು, ಒಳಗಿನಿಂದ ತಿಂದುಹೋದ ತಗಡು, ಸಂದೇಹಕ್ಕೆಡೆಯಿರುವ ಕಾಗದಪತ್ರ ಇವು ಎಲುಬಿನ ದೋಷಗಳು. ಮೊದಲನೆಯವು ಕಣ್ಣಿಗೆ ಕಾಣುತ್ತವೆ, ಬೆಲೆಯನ್ನು ಇಳಿಸುತ್ತವೆ, ಕೊಂಚ ಹಣದಿಂದಲೂ ಶ್ರಮದಿಂದಲೂ ನೀಗುತ್ತವೆ. ಎರಡನೆಯವು ಕಣ್ಣಿಗೆ ಕಾಣುವುದಿಲ್ಲ. ಕೊಂಡವನ ಉಳಿತಾಯವನ್ನು ತಿಂದು ಮುಗಿಸುತ್ತವೆ.

ಆದಕಾರಣ ಕಡಿಮೆ ಬಂಡವಾಳದವನಿಗೆ ಚರ್ಮದ ದೋಷವು ಶತ್ರುವಲ್ಲ, ಮಿತ್ರ. ಕುರೂಪವಾಗಿ ಕಂಡರೂ ದೃಢವಾಗಿರುವ ಗಾಡಿಯನ್ನು ಇತರರು ಮೂಗು ಮುರಿದು ಬಿಟ್ಟುಹೋಗುತ್ತಾರೆ. ಜಾಣನು ಅದನ್ನೇ ಕೊಳ್ಳುತ್ತಾನೆ. ಮಾರುವುದಕ್ಕೆಂದೇ ನಿನ್ನೆ ಮೊನ್ನೆ ಬಣ್ಣ ಬಳಿದ ಗಾಡಿಯ ಮುಂದೆ ಮಾತ್ರ ಎರಡು ಗಳಿಗೆ ಹೆಚ್ಚಾಗಿ ನಿಲ್ಲಬೇಕು. ಹೊರಗೆ ಥಳಕು, ಒಳಗೆ ಹುಳುಕು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇಂಥ ವಾಹನಗಳಲ್ಲಿ ಬಹುಪಾಲು ಬಿಳಿಯ ಬಣ್ಣದವು ಎಂಬುದನ್ನು ನೆನೆದರೆ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯೂ ಇಲ್ಲಿಗೆ ಒಪ್ಪುತ್ತದೆ.

ನೋಡುವ ಕ್ರಮ

ವಾಹನವನ್ನು ರಾತ್ರಿಯಲ್ಲಾಗಲಿ ಮಳೆ ಸುರಿಯುತ್ತಿರುವಾಗಲಾಗಲಿ ನೋಡಬಾರದು. ಒದ್ದೆಯಾದ ತಗಡು ಎಲ್ಲ ಕಡೆಯೂ ಹೊಳೆಯುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಗಾಡಿಯ ಪಕ್ಕಕ್ಕೆ ಕುಳಿತು, ಬಾಗಿಲಿನ ಮಟ್ಟಕ್ಕೆ ಕಣ್ಣಿಟ್ಟು ಉದ್ದಕ್ಕೂ ನೋಡಿದರೆ, ತಗಡಿನ ಏರುತಗ್ಗುಗಳು ನೀರಿನ ಅಲೆಯಂತೆ ಕಾಣುತ್ತವೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಅದು ತಗಡಿಗೆ ಗಟ್ಟಿಯಾಗಿ ಅಂಟುತ್ತ ಹೋಗಿ, ಒಂದೆಡೆ ಹಿಡಿತ ಬಿಟ್ಟರೆ, ಆ ಬಣ್ಣದ ಕೆಳಗೆ ಇರುವುದು ಕಬ್ಬಿಣವಲ್ಲ, ದಪ್ಪನಾಗಿ ಮೆತ್ತಿದ ಪುಟ್ಟಿ ಎಂದು ತಿಳಿಯಬೇಕು. ಬಂಪರು ಮೊದಲಾದ ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಕಿಟಕಿಯ ರಬ್ಬರಿನ ಅಂಚಿನಲ್ಲಿ ಬಣ್ಣದ ತುಂತುರು ಕಂಡರೆ, ಬಾಗಿಲಿನ ತಿರುಪುಗಳ ತಲೆಯ ಮೇಲಿನ ಬಣ್ಣ ಬಿರಿದಿದ್ದರೆ, ಆ ಭಾಗವನ್ನು ಬಿಚ್ಚಿ ಪುನಃ ಕೂಡಿಸಲಾಗಿದೆ ಎಂದರ್ಥ. ಏಕೆ ಬಿಚ್ಚಿದರು ಎಂದು ಕೇಳುವ ಹಕ್ಕು ಕೊಳ್ಳುವವನಿಗುಂಟು.

ಬಳಿಕ ನೆಲದ ಮೇಲೆ ಹಳೆಯ ಪತ್ರಿಕೆಯನ್ನೇ ಹಾಸಿ ಮಲಗಿ, ಗಾಡಿಯ ಅಡಿಯನ್ನು ಟಾರ್ಚಿನ ಬೆಳಕಿನಲ್ಲಿ ನೋಡಿರಿ. ಚಾಸಿಯ ಎರಡು ಉದ್ದಪಟ್ಟಿಗಳು ನೇರವಾಗಿವೆಯೆ? ಹೊಸ ಬೆಸುಗೆಯ ಗುರುತುಗಳಿವೆಯೆ? ಸ್ಪ್ರಿಂಗಿನ ಪಟ್ಟಿಗಳು ಬಿರಿದಿವೆಯೆ? ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ತಿರುಪುಳಿಯ ಹಿಡಿಯಿಂದ ಮೆಲ್ಲಗೆ ಕುಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಖಣಿಲೆನ್ನುತ್ತದೆ, ತಿಂದುಹೋದುದು ಮಂದವಾಗಿ ಶಬ್ದ ಮಾಡುತ್ತದೆ. ಚಾಸಿಯ ಮೇಲೆ ಒತ್ತಿರುವ ೧೭ ಅಕ್ಷರ ಅಂಕೆಗಳ ಸಂಖ್ಯೆಯನ್ನು ಕಾಗದದೊಡನೆ ಒಂದೊಂದಾಗಿ ಹೋಲಿಸಬೇಕು. ಆ ಸಂಖ್ಯೆಯ ಸುತ್ತ ಉಜ್ಜಿದ ಅಥವಾ ಬೆಸೆದ ಗುರುತಿದ್ದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಕೈಮುಗಿದು ಹಿಂದಿರುಗಿರಿ. ಚಕ್ರದ ಟಯರು ಒಂದೇ ಅಂಚಿನಲ್ಲಿ ಸವೆದಿದ್ದರೆ ಜೋಡಣೆಯೋ ಚಾಸಿಯೋ ಸರಿಯಿಲ್ಲವೆಂಬ ಸಂದೇಹ ಹುಟ್ಟುತ್ತದೆ. ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟ ಎಂಜಿನು ತನ್ನ ರೋಗವನ್ನು ಮುಚ್ಚಿಡುತ್ತದೆ. ಎಡೆಬಿಡದ ನೀಲಿ ಹೊಗೆಯು ಎಂಜಿನು ಎಣ್ಣೆಯನ್ನು ಸುಡುತ್ತಿರುವುದರ ಸೂಚನೆ. ಗಾಡಿಯ ವಿದ್ಯೆ ಬಲ್ಲ ಒಬ್ಬ ಮೇಸ್ತ್ರಿಯನ್ನು ಅರ್ಧ ದಿನದ ಸಂಬಳ ಕೊಟ್ಟಾದರೂ ಜೊತೆಗೆ ಕರೆದೊಯ್ಯುವುದು ಲಾಭದ ವೆಚ್ಚವೇ ಹೊರತು ನಷ್ಟವಲ್ಲ.

ಮುಂಬಯಿಯಲ್ಲಿ ಕೊಳ್ಳುವವರು ಇನ್ನೊಂದನ್ನು ನೋಡಲೇಬೇಕು, ಅದು ನೀರು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿದುದನ್ನು ಆಗ ಇಲ್ಲಿದ್ದ ಯಾರೂ ಮರೆತಿರಲಾರರು. ಅಷ್ಟಲ್ಲದಿದ್ದರೂ ರಾಷ್ಟ್ರೀಯ ಉದ್ಯಾನದ ಬೆಟ್ಟಗಳಿಂದ ಇಳಿದು ಕಾಂದಿವಲಿಯನ್ನು ಹಾಯ್ದು ಸಮುದ್ರಕ್ಕೆ ಸೇರುವ ಪೋಯಸರ್ ನದಿಯ ದಡದವರಿಗೆ ನೆರೆನೀರಿನ ಪರಿಚಯ ಚೆನ್ನಾಗಿಯೇ ಇದೆ. ನೆರೆಯಲ್ಲಿ ಮುಳುಗಿದ ಗಾಡಿಯನ್ನು ತೊಳೆದು ಬಣ್ಣ ಹಚ್ಚಿ ಮಾರುವುದು ಕಷ್ಟವಲ್ಲ. ಆದರೆ ಆಸನದ ಬೆಲ್ಟನ್ನು ಪೂರ್ತಿಯಾಗಿ ಹೊರಗೆಳೆದರೆ ಅದರ ಮೇಲೆ ಕೆಸರಿನ ಗೆರೆ ಕಾಣುತ್ತದೆ. ಆಸನದ ಕೆಳಗಿನ ತಿರುಪುಗಳಲ್ಲಿ ತುಕ್ಕು, ನೆಲಹಾಸಿನ ಅಡಿಯಲ್ಲಿ ನಯವಾದ ಒಣಮಣ್ಣು, ಕ್ಯಾಬಿನಿನಲ್ಲಿ ಬೂಷ್ಟಿನ ವಾಸನೆ ಇರುತ್ತವೆ. ಬಣ್ಣದ ಡಬ್ಬಿಗೆ ಈ ಸಾಕ್ಷಿಗಳನ್ನು ಅಳಿಸುವ ಶಕ್ತಿಯಿಲ್ಲ.

ಸಿ.ಎನ್.ಜಿ. ಗಾಡಿಯಾದರೆ ಅನಿಲದ ಉಕ್ಕಿನ ಪಾತ್ರೆಯನ್ನು ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಗುರಿಪಡಿಸಿದ ದಾಖಲೆಯನ್ನು ಕೇಳಬೇಕು. ಅನಿಲದ ನಮೂದು ನೋಂದಣಿ ಪತ್ರದಲ್ಲಿಯೂ ಇರಬೇಕು.

ಕಾಗದವೇ ಚಾಸಿ

ಗುಮಾಸ್ತರಾದ ನಮ್ಮ ವಾಚಕರಿಗೆ ಕಾಗದಪತ್ರದ ಮಹತ್ವವನ್ನು ಹೇಳಬೇಕಾದ ಅಗತ್ಯವಿಲ್ಲ. ಆದರೂ ಗಾಡಿಯ ವ್ಯಾಪಾರದಲ್ಲಿ ಅವರೇ ಅಣ್ಣ ತಮ್ಮ ಎಂಬ ನಂಬಿಕೆಯ ಮೇಲೆ ಬಿಳಿಹಾಳೆಗೆ ಸಹಿ ಹಾಕಿ ಹಣ ಕೊಡುವುದುಂಟು. ೧೯೮೮ರ ಮೋಟಾರು ವಾಹನ ಕಾಯದೆಯ ೫೦ನೆಯ ಕಲಮಿನ ಪ್ರಕಾರ, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು ೧೪ ದಿನಗಳೊಳಗಾಗಿ, ಕೊಂಡವನು ೩೦ ದಿನಗಳೊಳಗಾಗಿ ನೋಂದಣಿ ಕಚೇರಿಗೆ ತಿಳಿಸಬೇಕು. ಅದಕ್ಕೆ ೨೯ ಮತ್ತು ೩೦ನೆಯ ನಮೂನೆಗಳಿವೆ. ಮೊದಲಿನ ಯಜಮಾನನು ಸಾಲ ಮಾಡಿ ಗಾಡಿ ಕೊಂಡಿದ್ದರೆ ಸಾಲ ತೀರಿದುದಕ್ಕೆ ಸಾಲ ಕೊಟ್ಟವರು ಸಹಿ ಮಾಡಿದ ೩೫ನೆಯ ನಮೂನೆ ಬೇಕು. ಅದಿಲ್ಲದೆ ಕೊಂಡರೆ ಅವನ ಸಾಲಕ್ಕೆ ನಿಮ್ಮ ಗಾಡಿ ಒತ್ತೆಯಾಗಿರುತ್ತದೆ. ಗೋರೆಗಾಂವಿನಿಂದ ದಹಿಸರದವರೆಗಿನ ವಾಹನಗಳಿಗೆ ಎಂ.ಎಚ್. ೪೭ ಎಂಬ ಗುರುತಿನ ಬೊರಿವಲಿ ಕಚೇರಿಯುಂಟು. ನೋಂದಣಿ, ವಿಮೆ, ಯೋಗ್ಯತಾ ಪತ್ರ, ಸಾಲದ ನಮೂದು, ಬಾಕಿ ದಂಡ ಇವನ್ನು ಈಗ ಸರಕಾರದ ಪರಿವಾಹನ ಜಾಲದಲ್ಲಿ ಮನೆಯಿಂದಲೇ ಮೊಬೈಲಿನಲ್ಲಿ ನೋಡಬಹುದು.

ಹೆಸರು ಬದಲಾಯಿಸುವುದನ್ನು ಮುಂದೂಡಿದರೆ ಏನಾದೀತು? ೨೦೧೮ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಇವರ ಮೊಕದ್ದಮೆಯಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿದೆ. ಗಾಡಿಯು ಒಬ್ಬರಿಂದೊಬ್ಬರಿಗೆ ಎಷ್ಟು ಕೈ ಬದಲಾಯಿಸಿದ್ದರೂ ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವನೇ ಕಾಯದೆಯ ದೃಷ್ಟಿಯಲ್ಲಿ ಯಜಮಾನ, ಅಪಘಾತದ ಪರಿಹಾರದ ಹೊಣೆಯೂ ಅವನದೇ ಎಂಬುದು ಆ ತೀರ್ಪಿನ ತಾತ್ಪರ್ಯ. ಆದ್ದರಿಂದ ಹಳೆಯ ಗಾಡಿಯನ್ನು ಮಾರಿ ಊರಿಗೆ ಹೋಗಿ ನೆಮ್ಮದಿಯಿಂದ ಕುಳಿತವನೂ ಈ ವಿಷಯದಲ್ಲಿ ಎಚ್ಚರದಿಂದಿರಬೇಕು. ವಿಮೆಯ ಕಂಪನಿಗೂ ಕೊಂಡವನು ೧೪ ದಿನಗಳೊಳಗೆ ಅರ್ಜಿ ಕೊಟ್ಟು ತನ್ನ ಹೆಸರನ್ನು ಬರೆಯಿಸಿಕೊಳ್ಳಬೇಕು.

ಇನ್ನೆರಡು ಸಂಗತಿಗಳು ನಮ್ಮವರಿಗೆ ಸಮಾಧಾನ ತರುವಂಥವು. ಹೇರು ಸಹಿತ ಒಟ್ಟು ತೂಕ ೩,೦೦೦ ಕಿಲೋಗ್ರಾಮನ್ನು ಮೀರದ ಸರಕು ವಾಹನಕ್ಕೆ ಪರವಾನೆ, ಅಂದರೆ ಪರ್ಮಿಟ್ಟು, ಬೇಕಾಗಿಲ್ಲವೆಂದು ಅದೇ ಕಾಯದೆಯ ೬೬ನೆಯ ಕಲಮು ಹೇಳುತ್ತದೆ. ಹಗುರ ಮೋಟಾರು ವಾಹನದ ಲೈಸೆನ್ಸು ಉಳ್ಳವನು ಒಟ್ಟು ತೂಕ ೭,೫೦೦ ಕಿಲೋಗ್ರಾಮಿನೊಳಗಿನ ಸಾರಿಗೆ ವಾಹನವನ್ನೂ ನಡೆಸಬಹುದೆಂದು ೨೦೨೪ರ ನವೆಂಬರ್ ೬ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ತೀರ್ಮಾನಿಸಿದೆ. ಆದರೆ ಯೋಗ್ಯತಾ ಪತ್ರದಿಂದ ಯಾರಿಗೂ ವಿನಾಯಿತಿಯಿಲ್ಲ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ವರ್ಷಕ್ಕೊಮ್ಮೆ ವಾಹನವನ್ನು ತಪಾಸಣೆಗೆ ಒಯ್ಯಬೇಕು. ಏಳೂವರೆ ವರ್ಷದ ಗಾಡಿಯನ್ನು ಕೊಳ್ಳುವವನು ಈ ಲೆಕ್ಕವನ್ನು ಮರೆಯಬಾರದು.

ಚೌಕಾಸಿಯ ಮಾತು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದೇ ವರ್ಷದ, ಒಂದೇ ಮಾದರಿಯ ಎರಡು ಗಾಡಿಗಳಿವೆ. ಹೊಸ ಬಣ್ಣ ಬಳಿದುದಕ್ಕೆ ಎರಡು ಲಕ್ಷದ ಅರುವತ್ತು ಸಾವಿರ. ಬಾಗಿಲು ತಗ್ಗಿ, ತೊಟ್ಟಿ ತುಕ್ಕು ಹಿಡಿದುದಕ್ಕೆ ಎರಡು ಲಕ್ಷದ ಹತ್ತು ಸಾವಿರ ಎನ್ನಿರಿ. ದಲ್ಲಾಳಿ ಮೊದಲನೆಯದನ್ನೇ ತೋರಿಸುತ್ತಾನೆ.

“ಶೆಟ್ರೇ, ಗಾಡಿ ನೋಡಿ, ಕನ್ನಡಿಯ ಹಾಗಿದೆ. ಮೊನ್ನೆಯಷ್ಟೇ ಬಣ್ಣ ಮಾಡಿಸಿದ್ದು. ನಾಳೆಯಿಂದಲೇ ದುಡಿಮೆಗೆ ಇಳಿಸಬಹುದು.”

“ಕನ್ನಡಿ ನಮಗೆ ಬೇಡ ಮಾರಾಯ್ರೆ, ಮುಖ ನೋಡ್ಲಿಕ್ಕೆ ಮನೆಯಲ್ಲೇ ಉಂಟು. ಆ ಮೂಲೆಯ ಗಾಡಿಯ ಅಡಿ ಸ್ವಲ್ಪ ತೋರಿಸಿ.”

ಇಂಥ ಉತ್ತರ ಕೊಡಬಲ್ಲವನು ಮೋಸಹೋಗುವುದು ವಿರಳ. ಮೂಲೆಯ ಗಾಡಿಯ ಚಾಸಿಯೂ ಎಂಜಿನೂ ಕಾಗದವೂ ಸರಿಯಾಗಿದ್ದರೆ, ಉಳಿದ ಐವತ್ತು ಸಾವಿರದಲ್ಲಿ ಅದರ ಬ್ರೇಕು, ಬ್ಯಾಟರಿ, ಟಯರುಗಳನ್ನು ಮೊದಲು ನೋಡಿ, ಮಿಕ್ಕುದರಲ್ಲಿ ಮೈಯನ್ನು ಸರಿಪಡಿಸಿಕೊಳ್ಳಬಹುದು. ಬಣ್ಣದ ಕೆಳಗೆ ಏನಿದೆಯೆಂಬುದು ಆಗ ನಿಮಗೇ ಗೊತ್ತಿರುತ್ತದೆ. ಅದು ಸಣ್ಣ ಲಾಭವಲ್ಲ. ನೀರಿನಲ್ಲಿ ಮಲಗಿರುವ ಎಮ್ಮೆಗೆ ದಡದ ಮೇಲೆ ನಿಂತು ಬೆಲೆ ಕಟ್ಟುವುದಕ್ಕೂ ಬಣ್ಣ ಬಳಿದ ಗಾಡಿಗೆ ಬೆಲೆ ಕಟ್ಟುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಮೈ ಸರಿಪಡಿಸುವ ವಿದ್ಯೆ

ಊರಿನಲ್ಲಿ ನಾವು ಟಿಂಕರಿಂಗ್ ಎನ್ನುವುದನ್ನು ಮುಂಬಯಿಯಲ್ಲಿ ಡೆಂಟಿಂಗ್ ಎನ್ನುತ್ತಾರೆ, ಕೆಲಸ ಒಂದೇ. ಅದನ್ನು ಮೇಸ್ತ್ರಿಯಿಂದ ಮಾಡಿಸಿದರೂ ಕ್ರಮವನ್ನು ಯಜಮಾನನು ತಿಳಿದಿರಬೇಕು. ಇಲ್ಲವಾದರೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಹಣ ಎಣಿಸಿಕೊಂಡು ಕಳಿಸಿಬಿಡುವವರು ಇದ್ದಾರೆ.

ಮೊದಲು ಗಾಡಿಯನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಬೇಕು. ಆಮೇಲೆ ಒಂದು ಗೇಣಿನಷ್ಟು ಜಾಗವನ್ನು ಪಾಲಿಷಿನ ರಬ್ಬಿಂಗ್ ಹಚ್ಚಿ ಬಟ್ಟೆಯಿಂದ ತಿಕ್ಕಿ ನೋಡಬೇಕು. ಬಿಸಿಲಿಗೆ ಸುಣ್ಣದಂತಾದ ಮೇಲ್ಪದರ ಹೋಗಿ ಒಳಗಿನಿಂದ ಹೊಳಪು ಬಂದರೆ, ಆ ಭಾಗಕ್ಕೆ ಹೊಸ ಬಣ್ಣವೇ ಬೇಕಾಗಿಲ್ಲ. ಎಷ್ಟೋ ಗಾಡಿಗಳಿಗೆ ಬೇಕಾದುದು ಬಣ್ಣವಲ್ಲ, ತೋಳಿನ ಬಲ.

ತುಕ್ಕಿನ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಅದರಿಂದಲೇ ಬಣ್ಣ ಗುಳ್ಳೆಯೆದ್ದು ಸಿಡಿಯುವುದು. ಗುಳ್ಳೆಯ ಮೇಲೆ ಬಣ್ಣ ಬಳಿದರೆ ಒಳಗಿನ ಕೆಲಸ ನಿಲ್ಲುವುದಿಲ್ಲ. ತಂತಿಯ ಬ್ರಷ್ಷಿನಿಂದಲೂ ಪಾಲಿಷ್ ಕಾಗದದಿಂದಲೂ ಬೆಳ್ಳನೆಯ ಲೋಹ ಕಾಣುವವರೆಗೆ ಉಜ್ಜಿ, ಸಂದುಗಳಲ್ಲಿ ಉಳಿದುದಕ್ಕೆ ಫಾಸ್ಫಾರಿಕ್ ಆಮ್ಲವುಳ್ಳ ತುಕ್ಕುನಾಶಕ ದ್ರವವನ್ನು ಹಚ್ಚಬೇಕು. ತೂತು ಬಿದ್ದಿದ್ದರೆ ಕೊಳೆತ ತಗಡನ್ನು ಕತ್ತರಿಸಿ ಹೊಸ ತುಂಡನ್ನು ಬೆಸೆಯಿಸಬೇಕು. ತೂತಿನ ಮೇಲೆ ಪುಟ್ಟಿ ಮೆತ್ತುವುದು ವಂಚನೆ. ಹಿಂದಿನಿಂದ ನೀರು ಕುಡಿದು ಅದು ಒಂದು ಮಳೆಗಾಲದಲ್ಲಿ ಕಳಚಿ ಬೀಳುತ್ತದೆ. ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿಯನ್ನು ಬಿಚ್ಚಿಸಿರಿ. ಅನಿಲದ ಗಾಡಿಯಾದರೆ ಬಲ್ಲವರಿಂದ ಅನಿಲದ ಪಾತ್ರೆಯನ್ನು ಇಳಿಸಿದ ಮೇಲೆಯೇ ಬೆಸುಗೆಯ ಮಾತು.

ತಗ್ಗನ್ನು ಹಿಂಭಾಗದಿಂದ ಸುತ್ತಿಗೆಯಿಂದ ಬಡಿದು, ಮುಂಭಾಗದಲ್ಲಿ ಕಬ್ಬಿಣದ ಗಟ್ಟಿಯನ್ನು ಒತ್ತಿಹಿಡಿದು, ಆದಷ್ಟು ಮಟ್ಟಸ ಮಾಡಬೇಕು. ಪುಟ್ಟಿಯು ಉಳಿದ ಸಣ್ಣ ಏರುತಗ್ಗಿಗೆ ಮಾತ್ರ. ಎರಡು ಮೂರು ಮಿಲಿಮೀಟರಿಗಿಂತ ದಪ್ಪವಾದರೆ ಅದು ಮುಂದೆ ಬಿರಿಯುತ್ತದೆ. ಪುಟ್ಟಿಗೆ ಬೆರೆಸುವ ಗಟ್ಟಿಕಾರಕವು ಸುಮಾರು ಸೇಕಡಾ ಎರಡರಷ್ಟು ಸಾಕು. ಬೇಗ ಒಣಗಲೆಂದು ಹೆಚ್ಚು ಬೆರೆಸಿದರೆ ಸೂಜಿಯ ಮೊನೆಯಂಥ ರಂಧ್ರಗಳೆದ್ದು, ಮೇಲಿನ ಬಣ್ಣದಲ್ಲಿಯೂ ಕಲೆ ಮೂಡುತ್ತದೆ. ದೋಸೆಯ ಹಿಟ್ಟಿಗೆ ಸೋಡಾ ಎಷ್ಟು ಹಾಕಬೇಕೆಂದು ಬಲ್ಲ ನಮ್ಮವರಿಗೆ ಈ ಮಾತು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಒಣಗಿದ ಮೇಲೆ ೮೦ನೆಯ ನಂಬರಿನ ಒರಟು ಕಾಗದದಿಂದ ಆರಂಭಿಸಿ ೧೮೦, ೩೨೦ ಎಂದು ನಯವಾದ ಕಾಗದಗಳಿಗೆ ಏರಬೇಕು. ಪುಟ್ಟಿಯು ನೀರು ಕುಡಿಯುವ ವಸ್ತುವಾದುದರಿಂದ ಅದನ್ನು ಒಣದಾಗಿಯೇ ತಿಕ್ಕಬೇಕು, ಅಂದೇ ಪ್ರೈಮರಿನಿಂದ ಮುಚ್ಚಬೇಕು. ಪ್ರೈಮರ್ ಒಣಗಿದ ಮೇಲೆ ಅದರ ಮೇಲೆ ಕಪ್ಪ್ಪು ಬಣ್ಣದ ತೆಳುವಾದ ತುಂತುರು ಹೊಡೆದು ವಾಟರ್ ಪೇಪರಿನಿಂದ ತಿಕ್ಕಿದರೆ, ಎಲ್ಲಿ ಕಪ್ಪು ಉಳಿಯುವುದೋ ಅಲ್ಲಿ ತಗ್ಗು ಉಳಿದಿದೆ ಎಂದು ತಿಳಿಯುತ್ತದೆ. ಮೇಸ್ತ್ರಿಯ ಪ್ರಾಮಾಣಿಕತೆಯನ್ನು ಅಳೆಯುವುದಕ್ಕೂ ಇದು ಒಳ್ಳೆಯ ಉಪಾಯ.

ಬಣ್ಣದ ವಿಷಯದಲ್ಲಿ ಎರಡು ಮಾತು. ಹಳೆಯ ಬಿಳಿ ಬಣ್ಣವು ಬಿಸಿಲಿಗೆ ಕೆನೆಯ ಛಾಯೆಗೆ ತಿರುಗಿರುತ್ತದೆ. ಅದರ ನಡುವೆ ಹೊಸ ಬಿಳಿಯ ತೇಪೆ ಎದ್ದು ಕಾಣುತ್ತದೆ. ಆದ್ದರಿಂದ ಬಾಗಿಲಿನ ಮಧ್ಯದಲ್ಲಿ ಬಣ್ಣವನ್ನು ನಿಲ್ಲಿಸದೆ ಆ ಇಡೀ ಬಾಗಿಲಿಗೆ, ಅಂಚಿನಿಂದ ಅಂಚಿಗೆ, ತೆಳುವಾದ ಎರಡು ಮೂರು ಪದರ ಹೊಡೆಯಿಸಬೇಕು. ಮತ್ತು ಗಾಡಿಯ ಮೂಲ ಬಣ್ಣವನ್ನೇ ಇಟ್ಟುಕೊಳ್ಳುವುದು ಲೇಸು. ನೋಂದಣಿಯಲ್ಲಿ ಬಣ್ಣವೂ ದಾಖಲಾಗಿರುವುದರಿಂದ, ಬದಲಿಸುವುದಾದರೆ ಕಚೇರಿಯ ಅನುಮತಿಯನ್ನು ಮೊದಲು ವಿಚಾರಿಸಬೇಕು.

ಗಟ್ಟಿಕಾರಕ ಬೆರೆಸಿದ ಬಣ್ಣದ ತುಂತುರು ಶ್ವಾಸಕೋಶಕ್ಕೆ ಅಪಾಯಕಾರಿ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಚಾಳಿನ ಅಂಗಳದಲ್ಲಿ, ಮಕ್ಕಳು ಓಡಾಡುವಲ್ಲಿ, ಅದನ್ನು ಹೊಡೆಯಬಾರದು. ತೊಳೆಯುವುದು, ತಿಕ್ಕುವುದು, ಉಜ್ಜುವುದು ಇವನ್ನು ವಾರದ ರಜೆಯ ದಿನ ಮೂಗಿಗೆ ಮುಸುಕು ಹಾಕಿಕೊಂಡು ತಾನೇ ಮಾಡಿ, ಬೆಸುಗೆಯನ್ನೂ ಬಣ್ಣದ ಪಿಚಕಾರಿಯನ್ನೂ ಕಸುಬಿನವರಿಗೆ ಬಿಡುವುದು ವಿವೇಕ.

ತೊಟ್ಟಿ, ದೀಪ, ಫಲಕ

ಸಾಮಾನು ಹೇರುವ ಹಿಂಬದಿಯ ತೊಟ್ಟಿಗೆ ಮರಾಠಿಯಲ್ಲಿ ಹೌದಾ ಎಂದು ಹೆಸರು. ದುಡಿಯುವುದು ಇದೇ ಭಾಗ. ಆದರೆ ಕೊಂಡವರು ಮೊದಲು ಹಣ ಸುರಿಯುವುದು ಕ್ಯಾಬಿನಿನ ಅಲಂಕಾರಕ್ಕೆ. ಹಾಸನ್ನು ಎತ್ತಿ, ನೀರು ಹರಿಯುವ ರಂಧ್ರಗಳ ಕೆಸರನ್ನು ತೆಗೆದು, ತುಕ್ಕನ್ನು ಕಿತ್ತು, ರೆಡ್ ಆಕ್ಸೈಡಿನ ಎರಡು ಪದರ, ಅದರ ಮೇಲೆ ಎನಾಮಲ್ ಬಳಿದರೆ ತೊಟ್ಟಿ ಬಾಳುತ್ತದೆ. ಇದನ್ನು ಯಾವ ಮೇಸ್ತ್ರಿಯ ನೆರವೂ ಇಲ್ಲದೆ ಒಂದು ಬ್ರಷ್ಷಿನಿಂದ ಮಾಡಬಹುದು. ಮೀನು, ಉಪ್ಪು ಹೊತ್ತ ದಿನ ಸಿಹಿನೀರಿನಿಂದ ತೊಳೆಯದೆ ಮಲಗಬಾರದು. ಹಿಟ್ಟು, ತರಕಾರಿ ಸಾಗಿಸುವವನಿಗೆ ತುಕ್ಕಿಲ್ಲದ ತೊಟ್ಟಿಯು ಸೌಂದರ್ಯದ ಮಾತಲ್ಲ, ಗಿರಾಕಿಯ ಆರೋಗ್ಯದ ಮಾತು. ಬಾಗಿಲುಗಳ ಕೆಳಅಂಚಿನಲ್ಲಿಯೂ ಇಂಥ ಸಣ್ಣ ರಂಧ್ರಗಳಿವೆ. ಅವು ಮುಚ್ಚಿಕೊಂಡುದರಿಂದಲೇ ಬಾಗಿಲು ಒಳಗಿನಿಂದ ಕೊಳೆಯುತ್ತದೆ.

ಪ್ಲಾಸ್ಟಿಕ್ಕಿನ ದೀಪದ ಮುಚ್ಚಳವು ಬಿಸಿಲಿಗೆ ಹಳದಿಯಾಗಿ ಮಬ್ಬಾಗಿದ್ದರೆ ಅದನ್ನು ಒಡನೆಯೇ ಬದಲಿಸಬೇಕಾಗಿಲ್ಲ. ೮೦೦, ೧೫೦೦, ೨೦೦೦ ನಂಬರಿನ ವಾಟರ್ ಪೇಪರುಗಳಿಂದ ಕ್ರಮವಾಗಿ ತಿಕ್ಕಿ, ಪಾಲಿಷ್ ಮಾಡಿ, ಬಿಸಿಲನ್ನು ತಡೆಯುವ ಪಾರದರ್ಶಕ ಲೇಪ ಕೊಡಿಸಿದರೆ ಬೆಳಕು ಮರಳಿ ಬರುತ್ತದೆ. ಲೇಪವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮಬ್ಬು ಮತ್ತೆ ಕವಿಯುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಹೆದ್ದಾರಿಯಲ್ಲಿ ಓಡುವವನಿಗೆ ಇದು ಪ್ರಾಣದ ಪ್ರಶ್ನೆ. ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಎಂಬ ಪ್ರತಿಫಲನದ ಪಟ್ಟಿಗಳೂ, ಹಳದಿ ನೆಲದ ಮೇಲೆ ಕಪ್ಪು ಅಕ್ಷರಗಳ ಅತಿ ಸುರಕ್ಷಿತ ನಂಬರು ಫಲಕವೂ ತಪಾಸಣೆಯಲ್ಲಿ ನೋಡುವಂಥವು. ಮಾರುವವನು ಬಣ್ಣ ಬಳಿಯುವಾಗ ಕಿತ್ತುಹಾಕಿದ ಪಟ್ಟಿಗಳನ್ನು ಮರಳಿ ಅಂಟಿಸಲು ಮರೆಯಬಾರದು. ಹಿಂಬದಿಯಲ್ಲಿ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆಯಿಸುವ ಹಳೆಯ ರೂಢಿಯನ್ನು ಮಹಾರಾಷ್ಟ್ರ ಸರಕಾರವು ೨೦೧೫ರಲ್ಲಿ ನಿಷೇಧಿಸಿದೆ. ಹಳೆಯ ಗಾಡಿಯ ಮೇಲೆ ಅದು ಉಳಿದಿದ್ದರೆ ಅಳಿಸಿರಿ.

ಕಾಲ ಮತ್ತು ಕ್ರಮ

ಇದೆಲ್ಲಕ್ಕೂ ಕಾಲವೆಂಬುದೊಂದಿದೆ. ಮುಂಬಯಿಗೆ ಮಳೆ ಸಾಮಾನ್ಯವಾಗಿ ಜೂನಿನ ಎರಡನೆಯ ವಾರದಲ್ಲಿ ಬರುತ್ತದೆ. ತೇವದ ಗಾಳಿಯಲ್ಲಿ ಹೊಡೆದ ಬಣ್ಣ ಬೆಳ್ಳಗೆ ಮಂಕಾಗುತ್ತದೆ, ಉಜ್ಜಿದ ಕಬ್ಬಿಣ ಮರುದಿನವೇ ಕೆಂಪಡರುತ್ತದೆ. ಆದ್ದರಿಂದ ಮೈಯ ಕೆಲಸವನ್ನು ನವೆಂಬರಿನಿಂದ ಮೇ ತಿಂಗಳೊಳಗೆ ಮುಗಿಸಬೇಕು. ಗಾಡಿ ಕೊಳ್ಳುವುದಕ್ಕೆ ಮಾತ್ರ ಮಳೆಗಾಲ ಕೆಟ್ಟದ್ದಲ್ಲ. ಮಳೆ ನಿಂತ ಮರುದಿನ ನೋಡಿದರೆ ಎಲ್ಲಿ ಸೋರುತ್ತದೆಂಬುದು ಕೇಳದೆಯೇ ತಿಳಿಯುತ್ತದೆ.

ಹಣ ವೆಚ್ಚ ಮಾಡುವ ಕ್ರಮವನ್ನು ನಾವು ಹೀಗೆ ಸೂಚಿಸುತ್ತೇವೆ. ಮೊದಲು ಕಾಗದ ಮತ್ತು ವಿಮೆ. ಎರಡನೆಯದು ಬ್ರೇಕು, ಟಯರು, ಎಂಜಿನು. ಮೂರನೆಯದು ತುಕ್ಕು, ದೀಪ, ಪಟ್ಟಿ, ಫಲಕ. ಏಕೆಂದರೆ ಇವು ಅಂದದ ಹೆಸರಿನಲ್ಲಿರುವ ಸುರಕ್ಷತೆ. ಕೊನೆಯದು ಬಣ್ಣ ಮತ್ತು ಹೊಳಪು. ಈ ಕೊನೆಯದನ್ನು ಮೊದಲ ವರ್ಷ ಮಾಡದಿದ್ದರೂ ನಡೆಯುತ್ತದೆ. ತಗ್ಗಿದ ಬಾಗಿಲಿನ ಗಾಡಿಯೂ ಬಾಳೆಯೆಲೆಯನ್ನು ಹೊತ್ತುಕೊಂಡೇ ಬರುತ್ತದೆ. ಆ ಬಾಡಿಗೆಯಿಂದಲೇ ಮುಂದಿನ ವರ್ಷ ಬಾಗಿಲು ನೆಟ್ಟಗಾದೀತು. ಸಾಲದ ಹಣದಿಂದ ಮಾತ್ರ ಅಲಂಕಾರ ಮಾಡಿಸಕೂಡದು.

ಗಾಡಿಯನ್ನು ಮುಂದೆ ಉಡುಪಿಗೋ ಮಂಗಳೂರಿಗೋ ಒಯ್ಯುವ ಆಲೋಚನೆಯಿದ್ದರೆ, ಇಲ್ಲಿಯ ಕಚೇರಿಯಿಂದ ೨೮ನೆಯ ನಮೂನೆಯ ನಿರಾಕ್ಷೇಪ ಪತ್ರವನ್ನು ಪಡೆದೇ ಹೊರಡಬೇಕು. ಹನ್ನೆರಡು ತಿಂಗಳಿಗೆ ಮೀರಿ ಅಲ್ಲಿಯೇ ಇಡುವುದಾದರೆ ಕರ್ನಾಟಕದ ನಂಬರನ್ನು ಪಡೆಯುವುದು ಕಾಯದೆಯ ಕಟ್ಟಳೆ. ಅಲ್ಲಿಯ ತೆರಿಗೆಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು.

ಪರರ ಹೋಟೆಲಿನಲ್ಲಿ, ಪರರ ಪೇಢಿಯಲ್ಲಿ ದುಡಿದು ಕೂಡಿಟ್ಟ ಹಣ ಲೆಕ್ಕದ ಹಣ. ಅದರ ಒಂದೊಂದು ರೂಪಾಯಿಯ ಹಿಂದೆಯೂ ನಿಂತು ಸವೆದ ಕಾಲುಗಳಿವೆ. ಅದನ್ನು ಹೊಳಪಿಗೆ ಸುರಿಯದೆ ಬಲಕ್ಕೆ ಸುರಿಯಿರಿ ಎಂಬುದಷ್ಟೇ ನಮ್ಮ ಬಿನ್ನಹ. ಎಲ್ಲ ಕೆಲಸ ಮುಗಿದ ಮೇಲೆ ಬಾಗಿಲಿನ ಮೇಲೆ ಯಜಮಾನನ ಹೆಸರನ್ನೂ ವಿಳಾಸವನ್ನೂ ಬರೆಯಿಸುವ ಪದ್ಧತಿಯುಂಟು. ಅಕ್ಷರ ಬರೆಯುವವನನ್ನು ಕರೆಯುವ ಅವಸರ ಬೇಡ. ನೋಂದಣಿ ಪತ್ರದಲ್ಲಿ ನಿಮ್ಮ ಹೆಸರು ಬರಲಿ. ಬಾಗಿಲಿನ ಮೇಲೆ ಬರೆಯುವುದಕ್ಕೆ ಆಮೇಲೆ ಒಂದು ಮಧ್ಯಾಹ್ನ ಸಾಕು.